ಮಾವನ ಕೊರಳಿಗೆ ನಾನು ನೂತ ದಾರ

ಬರುವ ಕೆಲಸದ ಮೇಲೆ ಮನುಷ್ಯನಿಗೆ ಅಷ್ಟೇನೂ ಮಮತೆ ಇರುವುದಿಲ್ಲ. ಬಾರದ ಕೆಲಸದ ಮೇಲೆ ಮಾತ್ರ ಎಲ್ಲಿಲ್ಲದ ಪ್ರೀತಿ. ನನ್ನನ್ನೇ ನೋಡಿ. ಸರ್ಕಾರಿ ಕಚೇರಿಯಲ್ಲಿ ಕಡತ ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ, ಅದನ್ನು ನೆನೆದರೇ ಆಕಳಿಕೆಯೂ ಬರುತ್ತದೆ. ನೂಲುವುದು ಬಾರದು; ಅದಕ್ಕಾಗಿ ಎಪ್ಪತ್ತರ ದಶಕದ ಒಂದಿಡೀ ಬೇಸಿಗೆಯನ್ನು, ಹೆಂಡತಿಯ ಸಹನೆಯನ್ನು, ಕೊನೆಗೆ ಮಾವನವರ ನೆಮ್ಮದಿಯನ್ನೂ ಪಣಕ್ಕಿಟ್ಟೆ.

ಶಾಲೆಯಲ್ಲಿ ನಮಗೆ ತಕಲಿಯಿಂದ ನೂಲುವ ಪಾಠವಿತ್ತು. ಮೇಷ್ಟರು ಒಮ್ಮೆ ನನ್ನ ನೂಲನ್ನು ಎತ್ತಿ ಹಿಡಿದು, "ಇದರಲೆ ಎತ್ತು ಕಟ್ಟಬಹುದಲೇ" ಎಂದಿದ್ದರು. ಅದನ್ನು ಮೆಚ್ಚುಗೆಯೆಂದೇ ತಿಳಿದು ಬೆಳೆದವನು ನಾನು. ಹೀಗಾಗಿ ಕುರುಗೋಡಿನ ಸಹೋದ್ಯೋಗಿಯೊಬ್ಬ ತನ್ನ ಹೊಲದ ಹತ್ತಿಯನ್ನು ಚೀಲದಲ್ಲಿ ತಂದುಕೊಟ್ಟು, "ದಿಂಬಿಗೆ ತುಂಬಿಸ್ಕೊಳ್ರಿ" ಎಂದಾಗ ನನ್ನೊಳಗಿನ ನೂಲುಗಾರ ಎದ್ದು ಕುಳಿತ. ಖಾದಿ ಅಂಗಡಿಯಿಂದ ತಕಲಿ ತಂದೆ. ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ಬೀಜ ಬಿಡಿಸಿ, ಹಿಂಜಿ, ಬತ್ತಿಯ ಹಾಗೆ ಉದ್ದುದ್ದ ಹಂಜಿ ಮಾಡಿ ನೂಲತೊಡಗಿದೆ. ಒಂದೇ ತೊಂದರೆ, ಫ್ಯಾನು ತಿರುಗಿದರೆ ಹತ್ತಿ ಹಾರುತ್ತದೆ. ಬಳ್ಳಾರಿಯ ಮೇ ತಿಂಗಳಲ್ಲಿ ಫ್ಯಾನು ನಿಲ್ಲಿಸಿ ಕೂರುವುದನ್ನು ನಾನು ತಪಸ್ಸು ಎಂದು ಕರೆದೆ. ನನ್ನ ಹೆಂಡತಿ ಗಿರಿಜಾ ಕರೆದ ಹೆಸರನ್ನು ಇಲ್ಲಿ ಬರೆಯಲಾರೆ. "ಏನ್ರೀ, ನೀವು ನೂಲಾಕತ್ತೀರಿ, ನಾ ಬೇಯಾಕತ್ತೀನಿ. ಫ್ಯಾನರ ಹಾಕ್ರಿ, ಇಲ್ಲಾ ಆ ಚೀಲಾನರ ಹೊರಗ ಒಗೀರಿ" ಎನ್ನುತ್ತಿದ್ದಳು. ಸಾರಿನಲ್ಲಿ ಹತ್ತಿ, ಹಾಸಿಗೆಯಲ್ಲಿ ಹತ್ತಿ, ಕಚೇರಿಗೆ ಹೋದರೆ ಸಾಹೇಬರ ಮೇಜಿನ ಮೇಲೂ ನನ್ನ ಮೀಸೆಯಿಂದ ಉದುರಿದ ಹತ್ತಿ.

ಅಂತೂ ನೂಲಾಯಿತು. ಕೆಲವು ಕಡೆ ಶ್ಯಾವಿಗೆಯಷ್ಟು ಸಣ್ಣ, ಕೆಲವು ಕಡೆ ಹುಣಸೆಕಾಯಿಯಷ್ಟು ದಪ್ಪ. ಬರೀ ಬಿಳಿಯಾದರೆ ಚೆಂದ ಕಾಣದೆಂದು ಗ್ರಂಥಿಗೆ ಅಂಗಡಿಯಿಂದ ಒಣಗಿದ ಮುತ್ತುಗದ ಹೂವು ತಂದು, ಕುದಿಸಿ, ಅದರಲ್ಲಿ ಅದ್ದಿ ತೆಗೆದೆ. ಬಣ್ಣ ನಿಲ್ಲಬೇಕಾದರೆ ಪಟಿಕ ಹಾಕಬೇಕಂತೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಕುದಿಸಿದ್ದು ಹಾಲಿನ ಪಾತ್ರೆಯಲ್ಲಿ ಎಂಬುದು ಮಾತ್ರ ಮರುದಿನ ಹಾಲು ಕೇಸರಿ ಬಣ್ಣಕ್ಕೆ ತಿರುಗಿದಾಗ ಗಿರಿಜಾಗೆ ಬೇಗನೆ ತಿಳಿಯಿತು. ಅವತ್ತು ನನಗೆ ಚಹಾ ಸಿಗಲಿಲ್ಲ.

ಇಷ್ಟರಲ್ಲಿ ಹಚ್ಚೊಳ್ಳಿಯಿಂದ ಮಾವನವರು ಬಂದರು. ಗದ್ದೆಯ ಅಕ್ಕಿ ಹೊತ್ತು, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಬಂದವರು ಮಗಳು ಕೊಟ್ಟ ನೀರು ಕುಡಿದು, "ಗಿರಿಜವ್ವಾ, ಶಿವದಾರ ಹಳೇದಾಗೈತಿ. ಪ್ಯಾಟ್ಯಾಗ ಒಂದು ತರಬೇಕು" ಎಂದರು. ಶಿವದಾರವೆಂದರೆ ಸಣ್ಣ ಮಾತಲ್ಲ. ಲಿಂಗವನ್ನಿಟ್ಟ ಬೆಳ್ಳಿಯ ಕರಡಿಗೆ ಕೊರಳಿನಿಂದ ತೂಗುವುದು ಅದರಲ್ಲಿಯೇ. ಅದು ಹರಿದು ಲಿಂಗ ನೆಲಕ್ಕೆ ಬಿತ್ತೆಂದರೆ ನಮ್ಮ ಹಿರಿಯರಿಗೆ ಜೀವ ಹೋದ ಹಾಗೆ. ಇದೆಲ್ಲ ಗೊತ್ತಿದ್ದೂ ನಾನು ಒಳಗೆ ಓಡಿ, ನನ್ನ ನೂಲನ್ನು ಹಲವು ಎಳೆ ಕೂಡಿಸಿ ಹುರಿ ಮಾಡಿ ತಂದು, "ಅಂಗಡಿದು ಯಾಕ್ರಿ ಮಾವಾ? ನಾನ ನೂತೀನಿ, ನಾನ ಬಣ್ಣ ಹಾಕೀನಿ" ಎಂದೆ. ಮಾವನವರು ದಾರ ನೋಡಿದರು. ಮಗಳನ್ನು ನೋಡಿದರು. ಗಿರಿಜಾ ನನ್ನ ಹಿಂದೆ ನಿಂತು ಬೇಡ ಬೇಡವೆಂದು ಕೈಯಾಡಿಸುತ್ತಿದ್ದಳಂತೆ. "ಅಳಿಯಾರು ಕೈಯಾರ ನೂತಾರಂದ್ರ ಅಂಗಡಿದು ಯಾಕ ಬೇಕವ್ವಾ" ಎಂದವರೇ ಸ್ನಾನ, ಪೂಜೆ ಮುಗಿಸಿ ಅದನ್ನೇ ಕಟ್ಟಿಕೊಂಡರು. ನಾನು ಆ ದಿನ ಮನೆಯಲ್ಲಿ ನೆಲದ ಮೇಲೆ ನಡೆಯಲಿಲ್ಲ.

ಆ ಗಳಿಗೆಯಿಂದ ಮಾವನವರ ಎಡಗೈ ಎದೆಯ ಮೇಲಿಂದ ಇಳಿಯಲಿಲ್ಲ. ಉಣ್ಣುವಾಗಲೂ ಅಲ್ಲೇ, ಮಲಗುವಾಗಲೂ ಅಲ್ಲೇ. ಪೇಪರು ಓದುವಾಗ ಹಾಳೆ ತಿರುವಿ ಹಾಕಲು ನನ್ನನ್ನು ಕರೆಯುತ್ತಿದ್ದರು. ಭಕ್ತಿ ಹೆಚ್ಚಾಗಿದೆ ಎಂದುಕೊಂಡೆ. ಪಕ್ಕದ ಮನೆಯಾಕೆ ಗಿರಿಜಾಳನ್ನು ಕರೆದು, "ನಿಮ್ಮಪ್ಪಾರಿಗೆ ಎದಿನೋವೇನವ್ವಾ?" ಎಂದು ಕೇಳಿದ ಮೇಲೆ ಮನೆಯಲ್ಲಿ ಗಡಿಬಿಡಿ ಶುರುವಾಯಿತು. ಅದೇ ಹೊತ್ತಿಗೆ ಬೆವರಿಗೆ ದಾರದ ಬಣ್ಣ ಬಿಟ್ಟು, ಅವರ ಬಿಳಿ ಅಂಗಿಯ ಎದೆಯ ಮೇಲೆ ರಕ್ತದ ಹಾಗೆ ಕೇಸರಿಗೆಂಪು ಕಲೆ ಮೂಡಿತು. "ಅಪ್ಪಾ!" ಎಂದು ಗಿರಿಜಾ ಕೂಗಿದ ಕೂಗಿಗೆ ನಾನು ಓಡಿ ಬಂದೆ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ನನಗೆ ಅವರೇ ತಂದೆಯಾಗಿದ್ದರು, ನಿಜಕ್ಕೂ ಹೆದರಿದೆ. ಬೇಡವೆಂದರೂ ಬಿಡದೆ ಟಾಂಗಾ ಹತ್ತಿಸಿದೆ. ಟಾಂಗಾ ಕುಲುಕಿದಾಗಲೆಲ್ಲ ಅವರು ಎರಡೂ ಕೈಯಿಂದ ಎದೆ ಹಿಡಿದು "ಶಿವಶಿವಾ" ಎನ್ನುತ್ತಿದ್ದರೆ, ನಾನು ಟಾಂಗಾದವನಿಗೆ "ಇನ್ನೂ ಜೋರಾಗಿ ಹೊಡಿಯಪ್ಪಾ" ಎನ್ನುತ್ತಿದ್ದೆ.

ಡಾಕ್ಟರು ನನ್ನನ್ನು ಪರದೆಯ ಹೊರಗೆ ನಿಲ್ಲಿಸಿ, "ಎಲ್ಲಿ ನೋವೈತಿ ಯಜಮಾನ್ರ?" ಎಂದು ಕೇಳಿದರು. ಮಾವನವರು ದನಿ ತಗ್ಗಿಸಿದರು. ಆದರೆ ಕಾಲುವೆಯ ಆಚೆ ದಂಡೆಗೆ ಕೇಳುವಂತೆ ಮಾತಾಡಿ ರೂಢಿಯಾದವರು ತಗ್ಗಿಸಿದ ದನಿಯೂ ಬೀದಿಯವರೆಗೆ ಕೇಳುತ್ತಿತ್ತು.

"ಎದಿ ಗಟ್ಟಿ ಐತ್ರಿ ಡಾಕ್ಟ್ರ. ದಾರಾನ ಗಟ್ಟಿಲ್ಲ. ಕೈ ಬಿಟ್ಟೆ ಅಂದ್ರ ಲಿಂಗ ಕೆಳಗ ಬರತೈತಿ. ಪಾಪ, ಅಳಿಯ ಆಸಿಪಟ್ಟು ನೂತಾನ, ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು."

ನಗಬೇಕೆಂದುಕೊಂಡೆ, ಕಣ್ಣು ತುಂಬಿಬಂತು. ವಾಪಸು ಬರುವಾಗ ಟಾಂಗಾ ನಿಲ್ಲಿಸಿ ಒಂದು ಗಟ್ಟಿ ಶಿವದಾರ ಕೊಂಡೆ. ಮನೆಗೆ ಬಂದು, ಏನೂ ಕೇಳಿಸಿಕೊಳ್ಳದವನ ಹಾಗೆ, "ನಂದು ಬಣ್ಣ ಬಿಡಾಕತ್ತೈತಿ ಮಾವಾ, ಇದನ್ನ ಕಟ್ಟಿಕೊಳ್ರಿ" ಎಂದೆ. ಅವರು ಹೊಸ ದಾರಕ್ಕೆ ಕರಡಿಗೆ ಕಟ್ಟಿಕೊಂಡು, ಎಡಗೈ ಇಳಿಸಿ, ನಿಟ್ಟುಸಿರು ಬಿಟ್ಟರು. ನನ್ನ ದಾರವನ್ನು ಇನ್ನು ಎಲ್ಲಿ ಎಸೆಯುತ್ತಾರೋ ಎಂದು ನಾನು ನೋಡುತ್ತಿದ್ದರೆ, ಅದನ್ನೂ ಕೊರಳಿಗೆ ಹಾಕಿಕೊಂಡು, "ಇದೂ ಇರ್ಲಿ ಜೊತಿಗೆ" ಎಂದರು.

ಹೀಗೆ ತೊಂಬತ್ತು ದಾಟಿದ ನಮ್ಮ ಮಾವನವರ ಕೊರಳಲ್ಲಿ ಈಗಲೂ ಎರಡು ದಾರಗಳಿವೆ. ಒಂದು ಲಿಂಗವನ್ನು ಹೊತ್ತಿದೆ, ಇನ್ನೊಂದು ಅಳಿಯನ ಮರ್ಯಾದೆಯನ್ನು. ಎರಡನೆಯದು ಇಷ್ಟು ವರ್ಷವಾದರೂ ಹರಿದಿಲ್ಲ ನೋಡು ಎಂದು ನಾನು ಬೀಗಿದರೆ, ಗಿರಿಜಾ ತಲೆಯೆತ್ತದೆ ಹೇಳುತ್ತಾಳೆ: "ಹರಿಯಾಕ ಅದರ ಮ್ಯಾಲ ಭಾರರ ಎಲ್ಲೈತ್ರಿ?"