ಅಕ್ಕನ ಅಂಗಳದಲ್ಲಿ ತಿರುಗಿದ ಪ್ರೊಪೆಲ್ಲರ್

ನನ್ನ ಅಕ್ಕ ಪೈಲಟ್ ಪರೀಕ್ಷೆಗೆ ಓದಿದ್ದಾಳೆ ಎಂದರೆ ನೀವು ನಗುತ್ತೀರಿ. ನಗಿರಿ! ನೇಸರಗಿಯ ಈ ಅಕ್ಕ ವಿಮಾನವನ್ನು ಕಂಡಿರುವುದು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವಾಗ, ಅದೂ ಕೆಳಗಿನಿಂದ. ಆದರೆ ಮನೆಯಲ್ಲಿ ಯಾರಿಗೆ ಪರೀಕ್ಷೆ ಬಂದರೂ ಅದು ಅವಳದೇ. ನನ್ನ ಡ್ರೈವಿಂಗ್ ಲೈಸೆನ್ಸಿನ ದಿನ ಅವಳು ಉಪವಾಸ ಮಾಡಿದ್ದಳು. ನಾನು ಹೊಟ್ಟೆ ತುಂಬ ಉಂಡು ಹೋಗಿ ಕಂಬಕ್ಕೆ ಗುದ್ದಿದೆ!

ಪೈಲಟ್ ಆಗಲು ಹೊರಟ ನನ್ನ ಮಗಳು ಥಿಯರಿ ಪರೀಕ್ಷೆಯಲ್ಲಿ ಎರಡನೇ ಸಲ ನಪಾಸಾದಳು. ಪ್ರೊಪೆಲ್ಲರಿನ ಪಾಠವೇ ತಲೆಗೆ ಹತ್ತುತ್ತಿರಲಿಲ್ಲ. "ಸಾಕಪ್ಪಾ, ಬಿಟ್ಟಬಿಡ್ತೇನಿ" ಎಂದು ಬೈಲಹೊಂಗಲದ ನಮ್ಮ ಮನೆಯಲ್ಲಿ ಮುಸುಕೆಳೆದು ಮಲಗಿದಳು. ಸುದ್ದಿ ತಿಳಿದ ಅಕ್ಕ ಮುಂದಿನ ಬಸ್ಸಿಗೇ ಬಂದು ಅವಳನ್ನು ಎಬ್ಬಿಸಿ ನೇಸರಗಿಗೆ ಕರೆದೊಯ್ದಳು. ಬ್ಯಾಗು ಹೊತ್ತು ನಾನೂ ಹೋದೆ.

"ಮೊದಲ ನನಗ ತಿಳಿಸಿ ಹೇಳು. ನನ್ನಂಥಾ ದಡ್ಡಿಗೆ ತಿಳೀತಂದ್ರ ನೀ ಪಾಸಽ!"

"ಅತ್ತಿ, ಪ್ರೊಪೆಲ್ಲರಿನ ಅಲಗು ಸಪಾಟ ಇರೂದಿಲ್ಲ, ತಿರುಚಿರತೈತಿ. ಬುಡದಾಗ ಭಾಳ ವಾರಿ, ಅಂದ್ರ ಓರೆ, ತುದೀಗೆ ಹೋದಂಗ ಕಮ್ಮಿ."

"ಯಾಕ?"

"ಅದಽ ಗೊತ್ತಿಲ್ಲ. ಬಾಯಿಪಾಠ ಮಾಡೇನಿ."

"ಬಾಯಿಪಾಠ ಮಾಡಿ ಆಕಾಶಕ್ಕ ಹೋಗ್ತೀಯೇನು?"

ಅಕ್ಕ ಎಲ್ಲರನ್ನೂ ಅಂಗಳಕ್ಕಿಳಿಸಿ ನಡುವೆ ಕಂಬದಂತೆ ನಿಂತಳು. ಅವಳ ಕೈ ಭಾವ ಹಿಡಿದರು, ಭಾವನ ಕೈ ಮಗಳು, ಮಗಳ ಕೈ ನಾನು. "ಸಾಲು ಮುರೀದಂಗ ತಿರುಗ್ರಿ!" ಎಂದು ಅಪ್ಪಣೆಯಾಯಿತು. ಭಾವ ಎಲೆಅಡಿಕೆ ಜಗಿಯುತ್ತ ನಾಲ್ಕು ಹೆಜ್ಜೆ ಇಟ್ಟರು. ಹೊರ ತುದಿಯಲ್ಲಿದ್ದ ನಾನು ಓಡಿ, ತೇಕಿ, ತುಳಸಿಕಟ್ಟೆಗೆ ಬಡಿದು ಬಿದ್ದೆ.

"ಎಲ್ಲಾರೂ ತಿರುಗಿದ್ದು ಒಂದಽ ಸುತ್ತು. ನಿನಗಷ್ಟಽ ಯಾಕ ದಮ್ಮು ಹತ್ತಿತು?"

"ನನ್ನ ಸುತ್ತು ದೊಡ್ಡದೈತಿ ತಾಯಿ!"

"ಅತ್ತಿ, ತಿಳೀತು!" ಮಗಳು ಕುಣಿದಳು. "ತುದಿ ಜೋರ ಓಡತೈತಿ, ಅಲ್ಲಿ ವಾರಿ ಕಮ್ಮಿ ಸಾಕು. ಬುಡ ಸಾವಕಾಶ ತಿರುಗತೈತಿ, ಅಲ್ಲಿ ಹೆಚ್ಚು ಬೇಕು. ಆವಾಗ ಇಡೀ ಅಲಗು ಒಂದಽ ಹದಕ್ಕ ಗಾಳಿ ಕಡೀತೈತಿ!"

ಅತ್ತೆ, ಸೊಸೆ ಅಪ್ಪಿಕೊಂಡರು. ನನ್ನನ್ನು ಎಬ್ಬಿಸಲು ಯಾರಿಗೆ ಪುರುಸೊತ್ತು?

ಇನ್ನು ಪಿಚ್. ಒಂದು ಸುತ್ತಿಗೆ ಪ್ರೊಪೆಲ್ಲರ್ ಎಷ್ಟು ಮುಂದೆ ಸಾಗಬೇಕೋ ಅದು ಪಿಚ್. ನೆಲ ಬಿಟ್ಟು ಏಳುವಾಗ ಸಣ್ಣದು, ಮೇಲೇರಿದ ಬಳಿಕ ದೊಡ್ಡದು, ಬಸ್ಸಿನ ಗೇರ್ ಇದ್ದಂತೆ ಎಂದು ಮಗಳು ಹೇಳಿದ್ದೇ ತಪ್ಪಾಯಿತು. ಮುಂದೊಂದು ದಿನ ಬಸ್ಸಿನಲ್ಲಿ ಸವದತ್ತಿಗೆ ಹೋಗುವಾಗ ಅಕ್ಕ ಡ್ರೈವರ್ ಹಿಂದಿನ ಸೀಟೇ ಹಿಡಿದಳು. ಏರು ಬಂತು, ಗೇರ್ ಬದಲಾಯಿತು.

"ಈಗ ಸಣ್ಣ ಪಿಚ್ ಹಾಕಿದ್ರೇನ್ರಿ?"

"ಯವ್ವಾ, ಪಿಚ್ ಕ್ರಿಕೆಟ್‌ದಾಗ ಇರತೈತಿ. ಸುಮ್ನ ಕುಂದರ್ರಿ!"

"ಇವರ ಕೈಯಾಗ ಯಾರೂ ವಿಮಾನ ಕೊಡಬ್ಯಾಡ್ರಿ" ಎಂದು ಅಕ್ಕ ಇಡೀ ಬಸ್ಸಿಗೆ ಸಾರಿದಳು.

ಮಗಳು ಮತ್ತೆ ಪರೀಕ್ಷೆಗೆ ಹೊರಟ ದಿನ ಅಕ್ಕ ಹೇಳಿದ್ದಿಷ್ಟೇ: "ಪಾಸಾದ್ರ ಫೋನ್ ಮಾಡು. ನಪಾಸಾದ್ರ ಫೋನ್ ಬ್ಯಾಡ, ಸೀದಾ ನಮ್ಮನಿಗಿ ಬಾ."

ಫಲಿತಾಂಶದ ದಿನ ನಾನು ಅಕ್ಕನ ಮನೆಯಲ್ಲೇ ಇದ್ದೆ. ಫೋನ್ ಬರಲಿಲ್ಲ. ಮರುದಿನ ಮಗಳೇ ಬಂದು ಬಾಗಿಲಲ್ಲಿ ನಿಂತಳು. ಅಕ್ಕ ಅವಳ ಕೈ ಹಿಡಿದು ಕೂರಿಸಿ, ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು.

"ಉಣ್ಣವ್ವಾ. ನೆಲದ ಮ್ಯಾಲಿರೋ ನಾವೆಲ್ಲಾ ಬದುಕಿಲ್ಲೇನು?"

"ಅತ್ತಿ, ಪಾಸಾಗೇನಿ."

"ಮತ್ತ ಫೋನ್ ಯಾಕ ಮಾಡ್ಲಿಲ್ಲ?"

"ಪಾಸಾದ್ರೂ ಇಲ್ಲೇ ಬರಬೇಕನ್ನಿಸ್ತು."

ಅಕ್ಕ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಎಳೆ ಕೂಸಿಗೆ ಒರೆಸುವಂತೆ ಸೆರಗಿನಿಂದ ಅವಳ ಬಾಯಿ ಒರೆಸಿದಳು. ಆಮೇಲೆ ಅದೇ ಸೆರಗಿನಲ್ಲಿ ತನ್ನ ಮುಖ ಮುಚ್ಚಿಕೊಂಡಳು.