ಹೊಟ್ಟೆಗೆ ಹೋದರೂ ಚಿಂತೆಯಿಲ್ಲದ ಹೊಳಪು

ನಾನು ಕೈ ಹಾಕಿದ ಕೆಲಸ ನೆಟ್ಟಗೆ ಮುಗಿದದ್ದೇ ಇಲ್ಲ; ನಾಲ್ಕು ಮಂದಿ ನಕ್ಕ ಮೇಲೇ ಮುಗಿಯುತ್ತದೆ. ನಡೆದದ್ದಕ್ಕೆ ಬಣ್ಣ ಹಚ್ಚಿ ಹೇಳುತ್ತೇನೆ ಅಂತ ಹೆಂಡತಿಯ ದೂರು. ಅವಳ ಮಾತು ನಂಬಬೇಡಿ.

ಮಿರಜದ ಹತ್ತಿರದ ಕುಪವಾಡದಲ್ಲಿ ನನ್ನದೊಂದು ಕಟ್ಟಿಗೆ ಕೆತ್ತುವ ಸಣ್ಣ ಶೆಡ್ಡು. ಮಿರಜದ ನಮ್ಮಕ್ಕನ ಮಗಳ ಮದುವೆ ಗೊತ್ತಾಯಿತು. ನಮ್ಮ ಕಡೆ ಹೆಣ್ಣಿನವರು ರುಖವತ ಇಡುತ್ತಾರೆ. ಹುಡುಗಿ ಗಂಡನ ಮನೆಗೆ ಒಯ್ಯುವ ಪಾತ್ರೆ-ಭಾಂಡೆ, ಉಂಡಿ, ಕಸೂತಿ ಎಲ್ಲ ಮಂಟಪದಲ್ಲಿ ಸಿಂಗರಿಸಿಟ್ಟು ತೋರಿಸುವುದು. ಅದರಲ್ಲಿ ಸೌಟು, ಲಟ್ಟಣಿಗೆ, ಮಣೆ, ಕಡಗೋಲು ನನ್ನ ಪಾಲಿಗೆ ಬಂದವು.

ಕೆತ್ತುವುದು ಸುಲಭ. ತೊಡಕು ಹುಡುಗನ ತಾಯಿಯದು. ಸಾಂಗಲಿಯ ಅರಿಷಿಣ ವ್ಯಾಪಾರದ ಮನೆಯವರು, ಏನು ಕೊಟ್ಟರೂ ಮೊದಲು ಮೂಸುತ್ತಾರೆ. "ಬಣ್ಣದ ನಾತ ಬಂತಂದ್ರ ನನ್ನ ಅಡಗಿಮನಿ ಹೊಸ್ತಿಲಾ ದಾಟ್ಸಂಗಿಲ್ಲ" ಅಂತ ಮೊದಲೇ ಹೇಳಿಕಳಿಸಿದ್ದರು.

ಅಕ್ಕ ನನ್ನ ಕೂಡಿಸಿಕೊಂಡು ಹೇಳಿದಳು: "ಹೊಳೀಬೇಕು, ನಾರಬಾರದು, ಹೊಟ್ಟಿಗೆ ಹೋದ್ರ ಏನೂ ಆಗಬಾರದು. ನಿನ್ನ ಚಾಷ್ಟಿ-ಮಸ್ಕಿರಿ ಏನರ ನಡಸಿದಿ, ನನ್ನ ಮಗಳು ಸಾಯೂತನಕ ಅತ್ತಿ ಕಡಿಂದ ಮಾತು ಕೇಳ್ಬೇಕಾಗ್ತದ."

೧. ಶೇಂಗಾ ಎಣ್ಣೆ

ತಿನ್ನುವ ಎಣ್ಣೆಗಿಂತ ನಿರಪಾಯದ್ದು ಯಾವುದಿದೆ? ಒಂದು ಸೌಟಿಗೆ ಶೇಂಗಾ ಎಣ್ಣೆ ಕುಡಿಸಿ ಟ್ರಂಕಿನಲ್ಲಿಟ್ಟೆ. ಈ ಎಣ್ಣೆ ಒಣಗುವ ಜಾತಿಯದಲ್ಲ, ಕಟ್ಟಿಗೆಯೊಳಗೇ ಕೂತು ಕಮಟಾಗುತ್ತದೆ ಅನ್ನುವುದು ಟ್ರಂಕು ತೆಗೆದಾಗ ತಿಳಿಯಿತು.

"ಇದು ಸೌಟೋ, ಹೋದ ದೀಪಾವಳಿ ಭಜಿಯೋ?" ಅಂದಳು ಅಕ್ಕ.

"ಭಜಿ ವಾಸನಿ ಬಂದ್ರ ಬೀಗತಿಗೆ ಹಸಿವರ ಆಗ್ತದಲ್ಲ," ಅಂದೆ.

ಸೌಟಿಗೆ ಇನ್ನೊಂದು ಉಪಯೋಗವೂ ಇದೆಯೆಂದು ಅಕ್ಕ ಆಗಲೇ ತೋರಿಸಿಕೊಟ್ಟಳು.

೨. ಸಿತಾರದ ಪಾಲಿಶು

ಮಿರಜದಲ್ಲಿ ಸಿತಾರ ಮಾಡುವ ಗೆಳೆಯನಿದ್ದಾನೆ. ಅವನು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಪಾಲಿಶು ಹಚ್ಚುತ್ತಾನೆ. "ಇದು ಹೊಟ್ಟಿಗೆ ಹೋದ್ರ?" ಅಂತ ಕೇಳಿದೆ.

"ಸ್ಪಿರಿಟ್ ಹಾರಿ ಹೋಗ್ತದ. ಅರಗು ಪೆಪ್ಪರಮಿಂಟಿನ ಮ್ಯಾಲೂ ಇರ್ತದಲ್ಲೋ ಮಾರಾಯಾ," ಅಂದ.

ಹಚ್ಚಿದ ಮೇಲೆ ಸೌಟಿನಲ್ಲಿ ನನ್ನ ಮೀಸೆಯ ಬಿಳಿಕೂದಲು ಎಣಿಸಬಹುದಿತ್ತು. ಖುಷಿಯಿಂದ ಕುದಿಯುವ ಸಾರಿಗೆ ಹಾಕಿ ತಿರುವಿದೆ. ತೆಗೆದರೆ ಮೈಯೆಲ್ಲ ಬೆಳ್ಳಗಿನ ಕಲೆ, ಬೆಲ್ಲದ ಪಾಕದಂಥ ಅಂಟು. ಒಯ್ದು ಅವನ ಮುಂದೆ ಹಿಡಿದೆ.

ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದ: "ನಮ್ಮ ಗಿರಾಕಿ ಯಾರೂ ಇನ್ನಾತನಕ ಸಿತಾರ ಸಾರಿನ್ಯಾಗ ಅದ್ದಿಲ್ಲಪಾ."

೩. ಅಗಸಿ ಎಣ್ಣೆ

ಅಗಸಿ ಚಟ್ನಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುವವರು ನಾವು. ಬಣ್ಣದಂಗಡಿಯಲ್ಲಿ ಅಗಸಿ ಎಣ್ಣೆ ಕೇಳಿದೆ. ಯಾತಕ್ಕೆಂದು ತಿಳಿದ ಶೆಟ್ಟರು ಡಬ್ಬಿ ಹಿಂದಕ್ಕೆಳೆದುಕೊಂಡರು. "ಲಗೂ ಒಣಗ್ಲಿ ಅಂತ ಇದರಾಗ ಔಷಧ ಬೆರಸಿರ್ತಾರ. ಇದು ಬಾಗಿಲಕ್ಕ ಹಚ್ಚೂದು. ಬಾಗಿಲ ಊಟ ಮಾಡಂಗಿಲ್ಲ."

ಸರಿ, ಸಮಡೋಳಿಯ ಗಾಣದಿಂದ ತಿನ್ನುವ ಅಗಸಿ ಎಣ್ಣೆಯನ್ನೇ ತಂದು ಹಚ್ಚಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಪಕ್ಕದ ಮನೆ ಮಾವಶಿಗೆ ಕಣ್ಣು ಮಬ್ಬು. "ಏನ್ ಒಣಾ ಹಾಕೀರಿ?" ಅಂದರು.

"ಸಂಡಿಗಿ, ಮಾವಶಿ. ಹೊಸಾ ನಮೂನಿ. ತಿಂಗಳಗಟ್ಟಲೆ ಒಣಗ್ಬೇಕು."

"ಅಗ ಬಾಯಿ! ಕರಿದಾಗ ನಮಗೂ ಒಂದೀಟು ಕೊಡ್ರಿ. ನಮ್ಮ ಮನಿಯವರಿಗೆ ಹೊಸಾ ಹಲ್ಲು ಕೂಡಿಸೇವಿ, ತಡೀತಾವೋ ಇಲ್ಲೋ ನೋಡಬೇಕು."

೪. ಔಷಧದಂಗಡಿ

ಮದುವೆ ಹತ್ತಿರ ಬಂತು, ಅಗಸಿ ಇನ್ನೂ ಜಿಡ್ಡುಜಿಡ್ಡು. ಆಗ ಯಾರೋ ಹೇಳಿದರು: ಮಲಬದ್ಧತೆಗೆ ಕುಡಿಯುವ ಪ್ಯಾರಾಫಿನ್ ಎಣ್ಣೆ ಹಚ್ಚು; ನಾತವಿಲ್ಲ, ರುಚಿಯಿಲ್ಲ, ಎಂದೂ ಕಮಟಾಗುವುದಿಲ್ಲ. ಮಿರಜದಲ್ಲಿ ಔಷಧದಂಗಡಿಗೇನು ಬರ. ಹೋಗಿ ದೊಡ್ಡ ಬಾಟಲಿ ಕೇಳಿದೆ.

ಅಂಗಡಿಯವನು ದನಿ ಇಳಿಸಿದ. "ಭಾಳ ದಿನಾ ಆತೇನ್ರಿ?"

"ನನಗಲ್ಲೋ, ಲಟ್ಟಣಿಗಿಗೆ."

ಅವನು ಹಿಂದೆ ಮುಂದೆ ನೋಡದೆ, "ಹಂಗಾದ್ರ ಡಾಕ್ಟರನ್ನ ಕಂಡು ಬರ್ರಿ," ಅಂದ.

೫. ರುಖವತ

ಇನ್ನೊಂದು ಅಂಗಡಿಯಲ್ಲಿ ಲಟ್ಟಣಿಗೆಯ ಸುದ್ದಿ ಎತ್ತದೆ ಬಾಟಲಿ ತಂದೆ. ಆ ಎಣ್ಣೆಗೆ ಸಲಗರೆ ಊರಿನ ಜೇನುಮೇಣ ಸೇರಿಸಿ, ಹೊಸದಾಗಿ ಕೆತ್ತಿದ ಸಾಮಾನಿಗೆ ತಿಕ್ಕಿದೆ. ಹದವಾದ ಹೊಳಪು ಬಂತು. ಮದುವೆಯ ದಿನ ಬೀಗತಿ ಸೌಟೆತ್ತಿ ಮೂಸಿದರು. ತಿರುಗಿಸಿ ಮತ್ತೆ ಮೂಸಿದರು.

"ನಾತಾನ ಇಲ್ಲ. ಏನ್ ಹಚ್ಚೀರಿ?"

ಸುತ್ತ ಎರಡೂ ಕಡೆಯ ಹೆಂಗಸರು. ಅಕ್ಕನ ಮುಖ ಬಿಳಿಚಿತು. ಅದು ಹೊಟ್ಟೆ ಸಡಿಲ ಮಾಡುವ ಎಣ್ಣೆ ಅಂದರೆ ಆ ಹುಡುಗಿಗೆ ಅದೇ ಅಡ್ಡಹೆಸರು ಖಾಯಂ. ನಾನೇ ಮುಂದೆ ಹೋದೆ.

"ತಿನ್ನೂವಂಥಾದ್ದ ಹಚ್ಚೇನ್ರಿ. ನೋಡ್ರಿ ಬೇಕಾರ," ಅಂದು ಸೌಟನ್ನು ನೆಕ್ಕಿದೆ.

ಅವರು ಲಟ್ಟಣಿಗೆ ತೋರಿಸಿದರು. ಅದನ್ನೂ ನೆಕ್ಕಿದೆ. ಮಣೆ ನೆಕ್ಕಿದೆ. ಕಡಗೋಲಿನ ಹಲ್ಲುಹಲ್ಲಿಗೂ ನಾಲಿಗೆ ಹಾಕಿದೆ. ಮಂದಿ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ನನಗೇನೂ ಆಗಲಿಲ್ಲ.

"ಎಣ್ಣಿ ಛಲೋ ಅದ, ಒಪ್ಪಿದೆ," ಅಂದರು ಬೀಗತಿ. ಅಕ್ಕ ಉಸಿರು ಬಿಟ್ಟಳು.

ಬೀಗತಿ ಸೌಟನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಕೈಗಿಟ್ಟರು.

"ಆದ್ರ ಎಲ್ಲಾ ನಿಮ್ಮ ಎಂಜಲ ಆತಲ್ರಿ. ಇವನ್ನ ನೀವ ಇಟಗೋರಿ. ನಮ್ಮ ಸೊಸಿಗೆ ಹೊಸಾವು ಮಾಡಿ, ಇದ ಎಣ್ಣಿ ಹಚ್ಚಿ ಕೊಡ್ರಿ. ಬಾಯಿ ಮಾತ್ರ ಮುಚ್ಚಿಟ್ಟು ಮಾಡ್ರಿ."