ಹುಳುವಿನ ಮನೆಗೆ ಬಂದ ಮೇಯರ್

ಎರಡು ಲಕ್ಷ ಜನರಿರುವ ಪಟ್ಟಣವನ್ನು ಒಬ್ಬನೇ ಕೂತು ಆಳುವವನಿಗೆ ಐವತ್ತು ತಟ್ಟೆ ರೇಷ್ಮೆ ಹುಳು ಯಾವ ಲೆಕ್ಕ!

ಈ ಮಾತನ್ನು ನಾನು ಹೇಳಿದ್ದು 2005ರ ನವೆಂಬರಿನ ಒಂದು ಮಂಗಳವಾರ, ಬೆಳಗಿನ ಕಾಫಿಯ ಹೊತ್ತಿನಲ್ಲಿ. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ಪುಟ್ಟಸಿದ್ದಮ್ಮ ಮತ್ತು ವಿಧಿ. ಹೆಂಡತಿ ನಂಬಲಿಲ್ಲ. ವಿಧಿ ತಕ್ಷಣ ಬರೆದುಕೊಂಡಿತು.

ಪಟ್ಟಣ ಇದ್ದದ್ದು ಕಂಪ್ಯೂಟರಿನೊಳಗೆ. ಗುಂಡ್ಲುಪೇಟೆಯಲ್ಲಿ ನಾನು ಸರ್ಕಾರಿ ಕಚೇರಿಯೊಂದರ ಎರಡನೇ ದರ್ಜೆ ಗುಮಾಸ್ತ. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ನನ್ನ ಸಹಿಯಿಂದ ಒಂದು ಬೀದಿ ದೀಪ ಹತ್ತಿದ್ದಿಲ್ಲ, ಒಂದು ನಲ್ಲಿಯಲ್ಲಿ ನೀರು ಬಂದದ್ದಿಲ್ಲ. ಇಂಥವನಿಗೆ ಚಾಮರಾಜನಗರದ ಕಂಪ್ಯೂಟರ್ ಅಂಗಡಿಯ ಜುಬೇರ್ ಒಂದು ಹಳೇ ಕಂಪ್ಯೂಟರನ್ನೂ ನಾಲ್ಕು ಸೀಡಿಗಳನ್ನೂ ಕೊಟ್ಟು ಪಟ್ಟಾಭಿಷೇಕ ಮಾಡಿಬಿಟ್ಟ.

"ಇದ್ರಲ್ಲಿ ನೀವೇ ಪೈಲಟ್ ಸಾರ್. ಇದ್ರಲ್ಲಿ ನೀವೇ ರೈಲ್ವೆ ಮ್ಯಾನೇಜರ್. ಇದ್ರಲ್ಲಿ ಜಮೀನ್ದಾರು. ಇದ್ರಲ್ಲಿ ಮೇಯರ್!"

"ವಿಮಾನ ಬಿದ್ದೋದ್ರೆ?"

"ಏನೂ ಆಗಲ್ಲ ಸಾರ್. ಇನ್ನೊಂದು ಕೊಡ್ತಾರೆ!"

ಆ ಒಂದು ಮಾತಿಗೆ ನಾನು ಮಾರುಹೋದೆ. ಸಂಜೆ ಐದೂವರೆಗೆ ಕಚೇರಿಯಿಂದ ಬಂದರೆ ಆರಕ್ಕೆ ಮೇಯರ್, ಏಳಕ್ಕೆ ಪೈಲಟ್. ನನ್ನ ಪಟ್ಟಣದಲ್ಲಿ ದಿನವಿಡೀ ನೀರು! ನನ್ನ ಹಸುಗಳಿಗೆ ಕಾಲುಬಾಯಿ ಜ್ವರವೇ ಇಲ್ಲ! ನನ್ನ ರೈಲುಗಳು ಒಂದು ನಿಮಿಷ ತಡವಾದರೆ ನಾನೇ ಛೀಮಾರಿ ಹಾಕುತ್ತಿದ್ದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಒಮ್ಮೆ ವಿಮಾನ ಇಳಿಸಬೇಕೆಂಬ ಆಸೆಯೊಂದು ಮಾತ್ರ ಈಡೇರಲಿಲ್ಲ. ಆ ಆಟದ ಭೂಪಟದಲ್ಲಿ ನಮ್ಮ ತಾಲ್ಲೂಕಿರಬೇಕಾದ ಕಡೆ ಬರೀ ಹಸಿರು ಬಣ್ಣ ಬಳಿದಿದ್ದರು.

ಗೋಡೆಯ ಆ ಕಡೆ ಪುಟ್ಟಸಿದ್ದಮ್ಮನ ರಾಜ್ಯ, ಹುಳುವಿನ ಮನೆ. ಮನೆ ಹಿಂದಿನ ಹಿಪ್ಪುನೇರಳೆ ತೋಟದ ಸೊಪ್ಪು ಕೊಯ್ದು ಅವಳೊಬ್ಬಳೇ ನೂರು ಮೊಟ್ಟೆಯ ಬೆಳೆ ತೆಗೆಯುತ್ತಿದ್ದಳು. ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳ ಸಂಸಾರ. ತಲೆ ಎಣಿಸಿದರೆ ನಲವತ್ತು ಸಾವಿರ. ಈ ವಿದ್ಯೆ ಕಲಿಸಿದವಳು ಹರವೆಯ ಅವಳ ಸೋದರತ್ತೆ ಚಿಕ್ಕಮಾದಮ್ಮ. ಈ ಸಲದ ಬೆಳೆ ಎಷ್ಟು ಚೆನ್ನಾಗಿತ್ತೆಂದರೆ, ರೇಷ್ಮೆ ಇಲಾಖೆಯ ಮೇಘನಾ ಮೇಡಂ ಬಂದು ನೋಡಿ, "ಶುಕ್ರವಾರ ಹುಳು ಹಣ್ಣಾಗುತ್ತೆ, ಗೂಡು ಕಟ್ಟೋಕೆ ಶುರು ಮಾಡುತ್ತೆ. ಅವತ್ತು ಹರವೆ ಹೋಬಳಿಯ ಇಪ್ಪತ್ತು ಜನ ಹೆಂಗಸರನ್ನು ಕರ್ಕೊಂಡು ಬರ್ತೀನಿ. ನೀವೇ ಅವರಿಗೆ ಪಾಠ ಹೇಳ್ಬೇಕು," ಎಂದಿದ್ದರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಪಾಠ ಹೇಳುವುದು! ಪುಟ್ಟಸಿದ್ದಮ್ಮ ಅವತ್ತಿನಿಂದ ಪಾತ್ರೆ ತೊಳೆಯುತ್ತ, ಸೊಪ್ಪು ಹಾಕುತ್ತ, ತನಗೆ ತಾನೇ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಮುಂದಿನ ಸಾಲಿನಲ್ಲಿ ಅತ್ತೆ ಕೂರಬೇಕೆಂದು ಹೇಳಿಯೂ ಕಳಿಸಿದ್ದಳು.

ಭಾನುವಾರ ಅತ್ತೆ ತೀರಿಕೊಂಡಳು.

ಅವತ್ತು ಮಣ್ಣು ಹಾಕಿ, ಸಂಜೆಯ ಸೊಪ್ಪಿನ ಹೊತ್ತಿಗೆ ಓಡೋಡಿ ವಾಪಸು ಬಂದಿದ್ದೆವು. ಮಂಗಳವಾರ ಮೂರನೇ ದಿನದ ಹಾಲುತುಪ್ಪ. ಪುಟ್ಟಸಿದ್ದಮ್ಮ ಹೋಗಲೇಬೇಕು, ಒಂದು ರಾತ್ರಿ ಅಲ್ಲಿ ಇರಲೇಬೇಕು. ಆಗ ನಾನು ಆಡಿದ್ದೇ ಮೇಲಿನ ಎರಡು ಲಕ್ಷದ ಮಾತು.

ಅವಳು ನನ್ನನ್ನು ಹುಳುವಿನ ಮನೆಯ ಬಾಗಿಲಿಗೆ ಕರೆದೊಯ್ದಳು. ಅಲ್ಲಿ ಇಲಾಖೆ ಕೊಟ್ಟ ಪಟವೊಂದಿತ್ತು: 'ರೇಷ್ಮೆ ಹುಳುವಿನ ಶತ್ರುಗಳು'. ಕೆಳಗೆ ನಾಲ್ಕು ಚಿತ್ರ. ಊಜಿ ನೊಣ, ಇರುವೆ, ಹಲ್ಲಿ, ಇಲಿ.

"ಈ ನಾಕ್ರಲ್ಲಿ ಒಂದೂ ಒಳೀಕ್ ಬರ್ದಂಗೆ ನೋಡ್ಕಳಿ. ಕೈಕಾಲ್ ತೊಳ್ದೇ ಒಳೀಕ್ ಓಗಿ. ಸೊಪ್ಪು ಒದ್ದೆ ಗೋಣಿತಾಟಿನ ಕೆಳ್ಗದ. ಮದ್ದೀನ, ಸಂದೆ, ಉಣ್ಣೋ ಹೊತ್ತು, ಬೆಳಗಾನ. ನಾಕ್ ಸಲ. ಗೊತ್ತಾಯ್ತಾ?"

"ಇಡೀ ಪಟ್ಟಣಕ್ಕೆ ನೀರು ಕೊಡೋನು ಕಣೇ ನಾನು!"

"ನಿಮ್ ಪಟ್ನದೋರು ಸೊಪ್ಪು ತಿಂದಾರಾ?" ಎಂದವಳು ಚೀಲ ಎತ್ತಿಕೊಂಡಳು. ಗೇಟಿನ ಹತ್ತಿರ ನಿಂತು ತಿರುಗಿದಳು. "ಸತ್ತೋರ್ ಮನೆಗೆ ಓಯ್ತಾ ಇವ್ನಿ. ಈ ಮನೇಲಿ ಇನ್ನೊಂದ್ ಸಾವಾಗ್ಬಾರ್ದು ಕನ್ರೀ."

ಓದುಗ ಮಹಾಶಯರೇ, ಆ ದಿನ ನಾನು ಮಾಡಿದ ಕಾವಲನ್ನು ಯಾವ ಕೋಟೆಯೂ ಕಂಡಿರಲಿಕ್ಕಿಲ್ಲ! ಕಚೇರಿಗೆ ರಜೆ ಹಾಕಿದೆ. ತಟ್ಟೆಗಳ ಸ್ಟ್ಯಾಂಡಿನ ಕಾಲುಗಳಿಗೆ ಇಟ್ಟಿದ್ದ ನೀರಿನ ಬಟ್ಟಲುಗಳಿಗೆ ನೀರು ತುಂಬಿಸಿದೆ; ಇರುವೆ ಔಟ್! ಬಾಗಿಲಿಗೆ ಸೊಳ್ಳೆ ಪರದೆಯನ್ನೇ ಬಿಚ್ಚಿ ಇಳಿಬಿಟ್ಟೆ. ಊಜಿ ನೊಣ ಔಟ್! ಒಂದು ಹಲ್ಲಿಯನ್ನು ಪೊರಕೆ ಹಿಡಿದು ಮದ್ದೂರಿನ ದಿಕ್ಕಿಗೆ ಗಡಿಪಾರು ಮಾಡಿದೆ. ಪಕ್ಕದ ತೋಟದ ಮರಿಯಯ್ಯ, ಮೂವತ್ತು ವರ್ಷದಿಂದ ಹುಳು ಸಾಕಿದವನು, "ಒಸಿ ನೋಡ್ಬುಟ್ ಓಗನ ಅಂತ ಬಂದಿ ಸಾಮಿ," ಎಂದರೆ, "ಹೊರಗಿನವರಿಗೆ ಪ್ರವೇಶವಿಲ್ಲ!" ಎಂದು ಅವನನ್ನೂ ಅಟ್ಟಿದೆ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದೆ. ನಲವತ್ತು ಸಾವಿರ ಬಾಯಿಗಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಜಡಿಮಳೆ ಬಿದ್ದ ಹಾಗಿರುತ್ತದೆ. ನನ್ನ ಪಟ್ಟಣದ ಪ್ರಜೆಗಳು ಎಂದೂ ನನಗೆ ಹೀಗೆ ಚಪ್ಪಾಳೆ ತಟ್ಟಿರಲಿಲ್ಲ.

ಸಂಜೆಯ ಸೊಪ್ಪು ಹಾಕಿ, ನನಗೆ ಸಲ್ಲಬೇಕಾದ ವಿಶ್ರಾಂತಿಗಾಗಿ ವಿಮಾನ ಹತ್ತಿದೆ. ಸಮುದ್ರ ತೀರದ ನಿಲ್ದಾಣ, ಮಳೆ, ಮಂಜು, ಮುನ್ನೂರು ಪ್ರಯಾಣಿಕರು. ಚಕ್ರ ಇನ್ನೇನು ನೆಲ ಮುಟ್ಟಬೇಕು, ಎಡಗಾಲ ಹರಡಿಗೆ ಸೊಳ್ಳೆ ಕಚ್ಚಿತು. ಎರಡು ಕೈಯೂ ಕೆಲಸದಲ್ಲಿ! ಮುನ್ನೂರು ಜನ ಸಮುದ್ರಪಾಲು.

ಇನ್ನೊಂದು ವಿಮಾನ ಕೊಟ್ಟರು. ಬಲಗಾಲಿಗೆ ಕಚ್ಚಿತು. ಮತ್ತೆ ಮುನ್ನೂರು.

ಮೂರನೆಯದು ಕಿವಿಗೆ. ಒಟ್ಟು ಒಂಬೈನೂರು!

ನಮ್ಮ ಮನೆಯಲ್ಲಿ ಸೊಳ್ಳೆಗಳಿಗೆ ರಾಜಮರ್ಯಾದೆ. ಆರು ವರ್ಷದಿಂದ ಪುಟ್ಟಸಿದ್ದಮ್ಮ ಸೊಳ್ಳೆ ಬತ್ತಿಯನ್ನು ಹೊಸ್ತಿಲು ದಾಟಿಸಿರಲಿಲ್ಲ. ಯಾಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಹಳ್ಳಿಯವಳ ಜಿಪುಣತನ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಇದ್ದ ಒಂದು ಪರದೆಯೂ ಈಗ ಊಜಿ ನೊಣದ ಬಂದೋಬಸ್ತಿಗೆ ಹೋಗಿತ್ತು. ಆದರೆ ಇಂದು ಅಧಿಕಾರ ಯಾರದು? ಮೇಯರದು! ಅಂಗಡಿಗೆ ಹೋಗಿ ಒಂದು ಪೊಟ್ಟಣ ಸೊಳ್ಳೆ ಬತ್ತಿ ತಂದೆ. ಮೇಜಿನ ಒಂದೊಂದು ಕಾಲಿಗೆ ಒಂದರಂತೆ ನಾಲ್ಕು ಹಚ್ಚಿದೆ. ಹೊಗೆ ಸುರುಳಿ ಸುರುಳಿಯಾಗಿ ಎದ್ದು, ನಡುಗೋಡೆಗೂ ಹೆಂಚಿಗೂ ನಡುವೆ ಇದ್ದ ಒಂದೂವರೆ ಅಡಿ ಸಂದಿನಲ್ಲಿ ಆರಾಮವಾಗಿ ಆ ಕಡೆ ಇಳಿಯಿತು. ಅದನ್ನು ನಾನು ನೋಡಿದೆ. ಆಹಾ, ಹುಳುಗಳಿಗೂ ಸೊಳ್ಳೆ ಕಾಟ ತಪ್ಪಿತು ಎಂದು ಸಂತೋಷವನ್ನೂ ಪಟ್ಟೆ.

ನಾಲ್ಕನೇ ವಿಮಾನ ಹೂವಿನಂತೆ ಇಳಿಯಿತು.

ಊಟದ ಹೊತ್ತಿನ ಸೊಪ್ಪು ಹಾಕುವಾಗ ಜಡಿಮಳೆ ಯಾಕೋ ತುಂತುರಾಗಿತ್ತು. ಹೊಟ್ಟೆ ತುಂಬಿರಬೇಕು ಎಂದು ಆಡಳಿತಗಾರನ ವರದಿ ಬರೆದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದಾಗ ಮಳೆ ನಿಂತಿತ್ತು.

ಪರದೆ ಸರಿಸಿದೆ. ಹಾಕಿದ ಸೊಪ್ಪು ಹಾಕಿದಂತೆಯೇ ಬಾಡಿತ್ತು. ಹುಳುಗಳು ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಯಾರನ್ನೋ ಹುಡುಕುವಂತೆ. ಬಾಯಿಂದ ಹಸಿರು ನೀರು. ಬೆರಳುದ್ದವಿದ್ದವು ಒಣಗಿದ ಹುರುಳಿಕಾಯಿಯಂತೆ ಮುರುಟಿಕೊಂಡಿದ್ದವು. ಎಷ್ಟೋ ತಟ್ಟೆಗಳಲ್ಲಿ ಅದೂ ಇರಲಿಲ್ಲ, ಸುಮ್ಮನೆ ಮಲಗಿದ್ದವು. ಕೈಕಾಲು ತೊಳೆಯದೆ ಒಳಗೆ ನುಗ್ಗಿದ್ದೇನೆಂದು ನೆನಪಾಗಿ ಹೊರಗೆ ಓಡಿದೆ, ತೊಳೆದುಕೊಂಡು ಬಂದೆ. ಅಷ್ಟು ಶಿಸ್ತಿನ ಮನುಷ್ಯ ನಾನು!

ನಿನ್ನೆ ಅಟ್ಟಿದ್ದ ಮರಿಯಯ್ಯನನ್ನೇ ಕೂಗಿದೆ. ಅವನು ಬಾಗಿಲಲ್ಲೇ ನಿಂತು ಮೂಗರಳಿಸಿದ.

"ಸಾಮಿ, ಸೊಳ್ಳೆ ಬತ್ತಿ ಅಚ್ಚಿದ್ರಾ?"

"ಆ ಕೋಣೇಲಿ ಕಣಯ್ಯ. ಇಲ್ಲಲ್ಲ."

"ಒಗೆಗೆ ಕೋಣೆ ಗೊತ್ತಾದದ? ಸೊಳ್ಳೆನೂ ಉಳ, ಇದೂ ಉಳ. ಅದ್ನ ಸಾಯ್ಸಾದು ಇದ್ನ ಬುಟ್ಟದಾ?"

"ಏನಾದ್ರೂ ಮಾಡು ಮರಿಯಯ್ಯ. ಔಷಧಿ, ಗಾಳಿ, ನೀರು..."

"ಗುಂಡಿ ತೆಗಿಬೇಕು," ಎಂದ ಮರಿಯಯ್ಯ.

ಮಧ್ಯಾಹ್ನದ ಬಸ್ಸಿಗೆ ಪುಟ್ಟಸಿದ್ದಮ್ಮ ಬಂದಳು. ಸಾವಿನ ಮನೆಯಿಂದ ಬಂದವಳು ಮೈಲಿಗೆಯಲ್ಲಿ ಹುಳು ಮುಟ್ಟಬಾರದೆಂದು ನನ್ನ ಮುಖವನ್ನೂ ನೋಡದೆ ನೇರ ಬಚ್ಚಲಿಗೆ ಹೋದಳು. ತಲೆಗೆ ನೀರು ಹಾಕಿಕೊಳ್ಳುವ ಸದ್ದು ಕೇಳುತ್ತಿತ್ತು. ಅಷ್ಟು ಹೊತ್ತೂ ನಾನು ಹುಳುವಿನ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದೆ. ನನ್ನ ಕೈಯಲ್ಲಿ ಪೊರಕೆ ಇತ್ತು; ಯಾಕೆಂದು ಗೊತ್ತಿಲ್ಲ.

ಒದ್ದೆ ಕೂದಲಲ್ಲಿ ಬಂದಳು. ಒಳಗೆ ಹೋದಳು. ಮೊದಲ ತಟ್ಟೆ ಎಳೆದಳು, ಎರಡನೆಯದು ಎಳೆದಳು. ಐವತ್ತನ್ನೂ ನೋಡಿದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಬದುಕುತ್ತಿದ್ದೆ! ಅವಳು ನೆಲದ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ಹರವೆಯಲ್ಲಿ ಒಂದು ಹನಿ ಅತ್ತಿರಲಿಲ್ಲವಂತೆ. ಹುಳಕ್ಕೆ ಸೊಪ್ಪು ಹೊತ್ತಿಗೆ ಬಿತ್ತೋ ಇಲ್ಲವೋ ಎಂದೇ ಎರಡು ದಿನ ಕೂತಿದ್ದಳಂತೆ. ಈಗ ಎರಡು ಸಾವಿಗೂ ಒಟ್ಟಿಗೇ ಅಳುತ್ತಿದ್ದಳು.

ಸಮಾಧಾನ ಹೇಳಬೇಕಲ್ಲ! ನನಗೆ ಗೊತ್ತಿದ್ದ ಸಮಾಧಾನ ಒಂದೇ. "ಆಟದಲ್ಲಾಗಿದ್ರೆ... ಮೊದಲೇ ಸೇವ್ ಮಾಡಿಟ್ಟಿರ್ತೀವಿ. ಕೆಟ್ಟೋದ್ರೆ ಅಲ್ಲಿಗೇ ಹಿಂದಕ್ಕೆ ಹೋಗ್ಬಹುದು," ಎಂದೆ.

ಪುಟ್ಟಸಿದ್ದಮ್ಮ ತಲೆ ಎತ್ತಿದಳು. "ಎಷ್ಟ್ ದೂರ ಓಗ್ಬೌದು?" ಎಂದಳು. "ಸನಿವಾರಕ್ಕೆ ಓಗ್ಬೌದಾ? ಅವತ್ತು ಅತ್ತೆ ಇದ್ಲು."

ಮೇಯರ್ ಪೊರಕೆಯನ್ನು ಗೋಡೆಗೆ ಒರಗಿಸಿ, ಮೊದಲ ತಟ್ಟೆ ಎತ್ತಿಕೊಂಡ.

ತೋಟದ ಅಂಚಿನಲ್ಲಿ ಮರಿಯಯ್ಯ ಗುಂಡಿ ತೆಗೆದ. ಅವಳು ಸುಣ್ಣ ಹಾಕಿದಳು. ನಾನು ತಟ್ಟೆ ಹೊತ್ತೆ, ಐವತ್ತು ಸಲ. ಕೊನೆಯ ಸ್ಟ್ಯಾಂಡಿನ ತಳದ ತಟ್ಟೆಯಲ್ಲಿ ಮಾತ್ರ ಹನ್ನೊಂದು ಹುಳು ಉಸಿರಾಡುತ್ತಿದ್ದವು.

"ಮೇಡಂಗೆ ಫೋನ್ ಮಾಡಿ ಬರೋದು ಬೇಡ ಅಂತೀನಿ," ಎಂದೆ.

"ಯಾಕ? ಬರ್ಲಿ," ಎಂದಳು. "ಪಾಟ ಏಳ್ತೀನಿ ಅಂದಿವ್ನಿ. ಏಳ್ತೀನಿ."

ಶುಕ್ರವಾರ ಇಪ್ಪತ್ತು ಜನ ಹೆಂಗಸರು ಬಂದರು. ಐವತ್ತು ಖಾಲಿ ತಟ್ಟೆ, ಬಿದಿರು ಹೆಣೆದ ಒಂದು ಚಂದ್ರಿಕೆಯಲ್ಲಿ ಗೂಡು ಕಟ್ಟಲು ಹೊರಟ ಹನ್ನೊಂದು ಹುಳು, ಪಕ್ಕದಲ್ಲಿ ನಾನು. ಪುಟ್ಟಸಿದ್ದಮ್ಮ ಒಂದು ಮಾತೂ ತಡವರಿಸದೆ ಪಾಠ ಹೇಳಿದಳು. ಹುಳು ಹೇಗೆ ಸಾಯುತ್ತದೆ ಎಂಬ ಅಧ್ಯಾಯ ಬಂದಾಗ ನನ್ನ ಕಡೆ ಕೈ ತೋರಿಸಿದಳು. "ಇದ್ನ ಇವ್ರೇ ಏಳ್ತರ."

ಹೇಳಿದೆ. ಮೇಜಿನ ನಾಲ್ಕು ಕಾಲು, ನಾಲ್ಕು ಬತ್ತಿ, ಹೆಂಚಿನ ಸಂದಿ, ಎಲ್ಲವನ್ನೂ. ವಿಮಾನ ಹೂವಿನಂತೆ ಇಳಿದದ್ದನ್ನು ಮಾತ್ರ ಬಿಟ್ಟೆ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಅತ್ತೆಗೆಂದು ಇಟ್ಟಿದ್ದ ಚಾಪೆಯಲ್ಲಿ ಅವಳ ನೆರೆಯವಳು ಮಲ್ಲಿಗಮ್ಮ ಕೂತಿದ್ದಳು. ಆ ಅಜ್ಜಿ ನನ್ನನ್ನೂ ಬಾಗಿಲ ಪಟವನ್ನೂ ಸರದಿಯಲ್ಲಿ ನೋಡಿ, "ಪುಟ್ಟಸಿದ್ದವ್ವ, ಪಟದಲ್ಲಿ ಒಂದ್ ಕಮ್ಮಿ ಅದಲ್ಲವ್ವ," ಎಂದಳು.

ಪುಟ್ಟಸಿದ್ದಮ್ಮ ನನ್ನ ಅಂಗಿ ಜೇಬಿನಿಂದಲೇ ಪೆನ್ನು ತೆಗೆದುಕೊಂಡು, ಇಲಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಒಂದು ಗುಂಡು ಮುಖ ಬರೆದಳು. ಅದಕ್ಕೆ ನನ್ನ ಮೂಗಿನ ಮೇಲಿದ್ದಂಥದ್ದೇ ಒಂದು ಕನ್ನಡಕ ಹಾಕಿದಳು.

ಆ ಪಟ ಈಗಲೂ ಅಲ್ಲೇ ಇದೆ. ಕಂಪ್ಯೂಟರ್ ಜುಬೇರನ ಅಂಗಡಿಗೆ ವಾಪಸು ಹೋಯಿತು. ಆಮೇಲೆ ಏಳು ಬೆಳೆ ಬಂದವು. ಜಡಿಮಳೆಯ ಸದ್ದನ್ನು ನಾನು ಹೊಸ್ತಿಲಾಚೆ ನಿಂತು ಕೇಳುತ್ತೇನೆ. ಹೋದ ವಾರ ನನ್ನ ಕಣ್ಣೆದುರಿಗೇ ಒಂದು ಹಲ್ಲಿ ಸರಸರನೆ ಒಳಗೆ ಹೋಯಿತು.

"ಹಲ್ಲಿ! ಹಲ್ಲಿ ಬಂತು ಕಣೇ! ನಾನು ಬಂದು ಓಡಿಸ್ಲಾ?" ಎಂದು ಕೂಗಿದೆ.

"ಓಗ್ಲಿ ಬುಡಿ, ಅದು ತಿಂದ್ರೆ ನಾಕ್ ತಿಂತದ," ಎಂದಳು ಪುಟ್ಟಸಿದ್ದಮ್ಮ ಒಳಗಿನಿಂದ. "ನೀವು ಅಲ್ಲೇ ನಿಂತ್ಕಳಿ."